ಹೊಸದಕ್ಕೂ ಲೋಪ, ಹಳೆಯದಕ್ಕೂ ದೋಷ: ಕಾಸರಗೋಡಿನ ಕನ್ನಡ ಜಾಲತಾಣಗಳು ಏನು ಮಾಡಬೇಕು?

2025ರ ಡಿಸೆಂಬರ್‌ನಲ್ಲಿ ತಂತ್ರಾಂಶ ಲೋಕದಿಂದ ಬಂದ ಎರಡು ಸುದ್ದಿಗಳು ಒಂದಕ್ಕೊಂದು ವಿರುದ್ಧವೆಂಬಂತೆ ಕೇಳಿಸಿದವು. ಮೊದಲನೆಯದು ಡಿಸೆಂಬರ್ 3ರದು. ಜಾಲತಾಣ ಕಟ್ಟುವವರು ಜಗತ್ತಿನಾದ್ಯಂತ ಬಳಸುವ ರಿಯಾಕ್ಟ್‌ನ 19ನೇ ಆವೃತ್ತಿಯಲ್ಲಿ ಭಾರಿ ಭದ್ರತಾ ಲೋಪ ಬಯಲಾಯಿತು. ತೀವ್ರತೆಯ ಅಳತೆಯಲ್ಲಿ ಅದಕ್ಕೆ ಹತ್ತಕ್ಕೆ ಹತ್ತು ಅಂಕ. ಲಾಗಿನ್ ಕೂಡ ಆಗದೆ ಹೊರಗಿನವರು ತಾಣವನ್ನು ನಡೆಸುವ ಕಂಪ್ಯೂಟರ್ ಆದ ಸರ್ವರ್‌ನಲ್ಲಿ ತಮ್ಮ ಕೋಡ್ ಓಡಿಸಬಹುದಾಗಿತ್ತು. ಆದರೆ 18 ಮತ್ತು ಅದಕ್ಕಿಂತ ಹಿಂದಿನ ಆವೃತ್ತಿಗಳಲ್ಲೇ ಉಳಿದಿದ್ದವರಿಗೆ ಈ ಲೋಪ ತಟ್ಟಲಿಲ್ಲ. ಎರಡನೆಯ ಸುದ್ದಿ ಅದೇ ತಿಂಗಳ 31ರದು. ಅಂದು ಜಾಲತಾಣಗಳ ಕೋಡ್ ಬರೆಯುವ ಭಾಷೆಗಳಲ್ಲೊಂದಾದ ಪಿಎಚ್‌ಪಿಯ 8.1ನೇ ಆವೃತ್ತಿಗೆ ತಯಾರಕರ ಬೆಂಬಲ ಮುಗಿಯಿತು. ಹಳೆಯದನ್ನು ಬಿಡಿ, ಮುಂದಿನ ಆವೃತ್ತಿಗೆ ಬನ್ನಿ ಎಂದು ಎಲ್ಲೆಡೆ ಸೂಚನೆ ಹೊರಟಿತು.

ಹಾಗಾದರೆ ಹಳೆಯ ಆವೃತ್ತಿ ಸುರಕ್ಷಿತವೋ, ಅಪಾಯವೋ? ಕಾಸರಗೋಡಿನ ಕನ್ನಡಿಗರಿಗೆ ಈ ಪ್ರಶ್ನೆ ದೂರದ್ದಲ್ಲ. 1956ರ ನವೆಂಬರ್ 1ರಂದು ಕೇರಳಕ್ಕೆ ಸೇರಿದ ಈ ನೆಲದಲ್ಲಿ ಸರಕಾರದ ಜಾಲತಾಣಗಳು ಬಹುಪಾಲು ಮಲಯಾಳ ಮತ್ತು ಇಂಗ್ಲಿಷಿನಲ್ಲಿವೆ. ಮಂಜೇಶ್ವರ, ಕುಂಬಳೆ, ಬದಿಯಡ್ಕ, ಪೆರ್ಲದಂತಹ ಊರುಗಳ ಮಾಹಿತಿ ಕನ್ನಡದಲ್ಲಿ ಬೇಕೆಂದರೆ ಶಾಲೆ, ಗ್ರಂಥಾಲಯ, ದೇವಸ್ಥಾನ, ಯಕ್ಷಗಾನ ಮಂಡಳಿ, ಸಹಕಾರಿ ಸಂಘಗಳಂತಹ ಸಂಸ್ಥೆಗಳು ತಾವೇ ಕಟ್ಟಿಸಿಕೊಂಡ ಸಣ್ಣ ತಾಣಗಳನ್ನೇ ನೋಡಬೇಕು. ಇಂಥ ತಾಣಗಳನ್ನು ಸಾಮಾನ್ಯವಾಗಿ ಊರಿನ ಒಬ್ಬ ವಿದ್ಯಾರ್ಥಿಯೋ ಸದಸ್ಯರ ಮನೆಯ ಹುಡುಗಿಯೋ ಪ್ರೀತಿಯಿಂದ ಕಟ್ಟಿಕೊಟ್ಟಿರುತ್ತಾರೆ. ಆಮೇಲೆ ಅವರು ಮಂಗಳೂರಿಗೋ ಬೆಂಗಳೂರಿಗೋ ಗಲ್ಫಿಗೋ ಹೋಗುತ್ತಾರೆ. ತಾಣ ಅವರು ಬಿಟ್ಟುಹೋದ ಆವೃತ್ತಿಯಲ್ಲೇ ನಿಲ್ಲುತ್ತದೆ. ಅದರಲ್ಲಿರುವ ಕನ್ನಡ ಬರಹಕ್ಕೆ ಎಷ್ಟೋ ವೇಳೆ ಬೇರೆ ಪ್ರತಿ ಇರುವುದಿಲ್ಲ.

ಬೆಂಬಲ ಮುಗಿಯುವುದು ಎಂದರೇನು

ಲಾಗಿನ್, ಫಾರ್ಮ್, ಡೇಟಾಬೇಸ್ ಸಂಪರ್ಕದಂತಹ ಎಲ್ಲ ತಾಣಗಳಿಗೂ ಬೇಕಾಗುವ ಕೆಲಸಗಳನ್ನು ಮೊದಲೇ ಬರೆದಿಟ್ಟ ಕೋಡಿನ ಸಮೂಹಕ್ಕೆ ಫ್ರೇಮ್‌ವರ್ಕ್ ಎನ್ನುತ್ತಾರೆ. ಕೋಡ್‌ಇಗ್ನೈಟರ್, ಲಾರಾವೆಲ್, ಜಾಂಗೋ, ನೆಕ್ಸ್ಟ್ ಜೆಎಸ್ ಇವೆಲ್ಲ ಈ ಜಾತಿಯವು. ಪ್ರತಿ ಆವೃತ್ತಿಗೂ ಒಂದು ಅವಧಿ ಇರುತ್ತದೆ. ಆ ಅವಧಿಯಲ್ಲಿ ಲೋಪ ಕಂಡರೆ ತಯಾರಕರು ಸರಿಪಡಿಸಿ ಕೊಡುತ್ತಾರೆ. ಅವಧಿ ಮುಗಿದ ಮರುದಿನ ತಾಣ ನಿಲ್ಲುವುದಿಲ್ಲ. ಆದರೆ ಅಂದಿನಿಂದ ಸಿಗುವ ಲೋಪಗಳನ್ನು ಮುಚ್ಚುವವರು ಇರುವುದಿಲ್ಲ.

ಡಿಸೆಂಬರ್‌ನ ಗೊಂದಲ ಇಲ್ಲಿಯೇ ಬಿಡಿಸಿಕೊಳ್ಳುತ್ತದೆ. ರಿಯಾಕ್ಟ್ 19ರ ಲೋಪವನ್ನು ಪ್ರಕಟಿಸಿದ ದಿನವೇ 19.0.1, 19.1.2, 19.2.1 ಎಂಬ ಸರಿಪಡಿಸಿದ ಆವೃತ್ತಿಗಳು ಹೊರಬಂದವು. ಹೊಸದರಲ್ಲಿ ಲೋಪ ಇರುವುದಿಲ್ಲ ಎಂದಲ್ಲ, ಸಿಕ್ಕಿದ ಲೋಪಕ್ಕೆ ಅಲ್ಲಿ ಮದ್ದು ಸಿಗುತ್ತದೆ. ರಿಯಾಕ್ಟ್ 18 ಪಾರಾದದ್ದಕ್ಕೆ ಕಾರಣವೂ ಸರಳ: ಲೋಪವಿದ್ದ ಆ ಸೌಲಭ್ಯ 18ರಲ್ಲಿ ಆ ರೂಪದಲ್ಲಿ ಇರಲೇ ಇಲ್ಲ. ಇದನ್ನು ಹಳೆಯದರ ಗಟ್ಟಿತನ ಎಂದು ಓದಬಾರದು.

ಅದೇ ವರ್ಷದ ಮಾರ್ಚ್‌ನಲ್ಲಿ ನಡೆದದ್ದನ್ನು ಪಕ್ಕದಲ್ಲಿಟ್ಟು ನೋಡಬೇಕು. ನೆಕ್ಸ್ಟ್ ಜೆಎಸ್‌ನಲ್ಲಿ ಕಾವಲು ಪರೀಕ್ಷೆಯನ್ನೇ ದಾಟಿಹೋಗಲು ಬಿಡುವ ಇನ್ನೊಂದು ಲೋಪ ಆಗ ಬಯಲಾಯಿತು. ಅದು 11ನೇ ಆವೃತ್ತಿಯಷ್ಟು ಹಿಂದಿನಿಂದಲೂ ಅಲ್ಲಿತ್ತು. ಮುಂದಿನ ಸಾಲುಗಳಿಗೆ ಸರಿಪಡಿಸಿದ ಆವೃತ್ತಿಗಳು ಬಂದವು. 11ರಲ್ಲೇ ಉಳಿದವರು ಮೇಲಕ್ಕೆ ಹೋಗಬೇಕಾಯಿತು, ಇಲ್ಲವೆ ನಿರ್ದಿಷ್ಟ ಹೆಡರ್ (ವಿನಂತಿಯ ತಲೆಬರಹದ ಸಾಲು) ಹೊತ್ತು ಬರುವ ವಿನಂತಿಗಳನ್ನು ಸರ್ವರ್‌ನ ಹೊಸ್ತಿಲಲ್ಲೇ ತಡೆಯಬೇಕಾಯಿತು.

‘ಬೆಂಬಲ ಮುಗಿಯಿತು’ ಎಂಬುದಕ್ಕೂ ಒಂದು ಷರತ್ತಿದೆ. ಪಿಎಚ್‌ಪಿ 8.1ಕ್ಕೆ ಅದರ ಮೂಲ ತಂಡದ ಬೆಂಬಲ ನಿಂತಿದ್ದರೂ, ಅದನ್ನೇ ಒಳಗೊಂಡಿರುವ ಉಬುಂಟು 22.04 ಎಂಬ ಆಪರೇಟಿಂಗ್ ಸಿಸ್ಟಂ ತನ್ನ ಬಳಕೆದಾರರಿಗೆ 2027ರ ವರೆಗೆ ಭದ್ರತಾ ತಿದ್ದುಪಡಿಗಳನ್ನು ಕೊಡುತ್ತದೆ. ಆದ್ದರಿಂದ ಆವೃತ್ತಿಯ ಸಂಖ್ಯೆಯೊಂದನ್ನೇ ನೋಡಿ ಗಾಬರಿಯಾಗಬೇಕಿಲ್ಲ. ಆ ಆವೃತ್ತಿಗೆ ಇಂದು ಯಾರು ಜವಾಬ್ದಾರರು ಎಂದು ತಾಣಕ್ಕೆ ಸರ್ವರ್ ಒದಗಿಸುವ ಹೋಸ್ಟಿಂಗ್ ಕಂಪನಿಯನ್ನು ಬರಹದಲ್ಲಿ ಕೇಳಿ ತಿಳಿಯಬೇಕು.

ಯಾರೂ ಮುಟ್ಟದ ತಾಣ ಕೆಡುವುದೇಕೆ

ಹತ್ತು ವರ್ಷ ಸರಿಯಾಗಿ ನಡೆದ ತಾಣ ಒಂದು ಬೆಳಿಗ್ಗೆ ಬರಿಯ ಬಿಳಿ ಪುಟ ತೋರಿಸುತ್ತದೆ. ‘ನಾವು ಏನೂ ಮಾಡಿಲ್ಲ’ ಎಂದು ಸಂಸ್ಥೆಯವರು ಹೇಳುವುದು ನಿಜವೇ. ಅವರ ಕೋಡ್ ಬದಲಾಗಿಲ್ಲ, ಅದು ನಿಂತಿರುವ ನೆಲ ಬದಲಾಗಿದೆ. ಎಲ್ಲಕ್ಕಿಂತ ಕೆಳಗೆ ಆಪರೇಟಿಂಗ್ ಸಿಸ್ಟಂ, ಅದರ ಮೇಲೆ ಪಿಎಚ್‌ಪಿಯಂತಹ ಭಾಷೆ ಮತ್ತು ಡೇಟಾಬೇಸ್, ಅದರ ಮೇಲೆ ಫ್ರೇಮ್‌ವರ್ಕ್, ಎಲ್ಲಕ್ಕಿಂತ ಮೇಲೆ ಊರಿನವರು ಬರೆದ ಕೋಡ್. ಅಗ್ಗದ ಹೋಸ್ಟಿಂಗ್‌ನಲ್ಲಿ ಕೆಳಗಿನ ಪದರಗಳು ಕಂಪನಿಯ ಕೈಯಲ್ಲಿರುತ್ತವೆ. ಅವರು ಭದ್ರತೆಗಾಗಿ ಅವನ್ನು ಹೊಸದು ಮಾಡುತ್ತಾರೆ, ಮಾಡಲೇಬೇಕು. ಮುನ್ಸೂಚನೆಯ ಇಮೇಲ್ ಹೋಗುವುದು ತಾಣ ಕಟ್ಟಿ ಊರು ಬಿಟ್ಟವರ ವಿಳಾಸಕ್ಕೆ.

ಹೊಸ ಪದರ ಹಳೆಯ ಕೋಡಿನ ಕೆಲವು ಪದಗಳನ್ನು ಒಪ್ಪುವುದಿಲ್ಲ. ಡೇಟಾಬೇಸ್‌ಗೆ ಸಂಪರ್ಕಿಸುವ ‘ಮೈಎಸ್‌ಕ್ಯೂಎಲ್ ಕನೆಕ್ಟ್’ ಎಂಬ ಹಳೆಯ ಆಜ್ಞೆಯನ್ನು 2015ರ ಡಿಸೆಂಬರ್‌ನಲ್ಲಿ ಬಂದ ಪಿಎಚ್‌ಪಿ 7.0ರಿಂದ ತೆಗೆದುಹಾಕಲಾಯಿತು. ಖಾಲಿ ಮೌಲ್ಯವನ್ನು ಎಣಿಸಲು ಹೇಳಿದರೆ ಮೊದಲು ಸುಮ್ಮನಿದ್ದ ಪಿಎಚ್‌ಪಿ, 7.2ರಲ್ಲಿ ಎಚ್ಚರಿಸಲು ತೊಡಗಿ, 2020ರಲ್ಲಿ ಬಂದ 8.0ರಲ್ಲಿ ಕೆಲಸವನ್ನೇ ನಿಲ್ಲಿಸುತ್ತದೆ. ಸರ್ವರ್‌ನಲ್ಲಿ ಜಾವಾಸ್ಕ್ರಿಪ್ಟ್ ಓಡಿಸುವ ನೋಡ್ ಜೆಎಸ್ ಬಳಸುವವರಿಗೆ ಇದೇ ಬಗೆಯ ಪೆಟ್ಟು 17ನೇ ಆವೃತ್ತಿಯಲ್ಲಿ ಬಿತ್ತು. ಅದರೊಳಗಿನ ಗೂಢಲಿಪಿ ತಂತ್ರಾಂಶವಾದ ಓಪನ್‌ಎಸ್‌ಎಸ್‌ಎಲ್ 3ಕ್ಕೆ ಏರಿದಾಗ, ತಾಣದ ಕೋಡ್ ಫೈಲ್‌ಗಳನ್ನು ಒಟ್ಟುಗೂಡಿಸುವ ವೆಬ್‌ಪ್ಯಾಕ್ 4 ನೆಚ್ಚಿಕೊಂಡಿದ್ದ ಎಂಡಿ4 ಎಂಬ ಹಳೆಯ ಲೆಕ್ಕಾಚಾರಕ್ಕೆ ಅನುಮತಿ ಹೋಯಿತು.

ಶಾಲೆಗಳಿಗೆ ಹತ್ತಿರದ ಉದಾಹರಣೆಯೊಂದಿದೆ. ಪರೀಕ್ಷಾ ಫಲಿತಾಂಶದ ಟೇಬಲ್‌ನಲ್ಲಿ ಹೆಸರು, ಅಂಕ, ರ‍್ಯಾಂಕ್ ಎಂದು ಕಾಲಂಗಳಿರುವುದು ಸಹಜ. ಮೈಎಸ್‌ಕ್ಯೂಎಲ್ ಎಂಬ ಡೇಟಾಬೇಸ್‌ನ 5.7ರ ವರೆಗೆ ‘ರ‍್ಯಾಂಕ್’ ಎಂಬ ಹೆಸರಿಗೆ ತಕರಾರಿರಲಿಲ್ಲ. 8.0ರಲ್ಲಿ ಸ್ಥಾನ ಲೆಕ್ಕ ಹಾಕುವ ಹೊಸ ಸೌಲಭ್ಯಕ್ಕೆ ಅದೇ ಹೆಸರು ಇಟ್ಟದ್ದರಿಂದ ಆ ಪದ ಡೇಟಾಬೇಸ್‌ನ ಸ್ವಂತ ಮೀಸಲು ಪದವಾಯಿತು. ‘ಗ್ರೂಪ್ಸ್’ ಕೂಡ ಹಾಗೆಯೇ. 5.7ರ ಬೆಂಬಲ 2023ರ ಅಕ್ಟೋಬರ್‌ನಲ್ಲಿ ಮುಗಿದದ್ದರಿಂದ ಹೋಸ್ಟಿಂಗ್ ಕಂಪನಿಗಳು 8.0ಕ್ಕೆ ಹೋದವು. ಅಲ್ಲಿಂದ ಫಲಿತಾಂಶದ ಪುಟ ತೆರೆದರೆ 1064 ಸಂಖ್ಯೆಯ ವ್ಯಾಕರಣ ದೋಷ. ಫ್ರೇಮ್‌ವರ್ಕ್‌ನ ಸಲಕರಣೆಯಿಂದಲೇ ಡೇಟಾಬೇಸ್‌ಗೆ ಕೇಳುವ ಪ್ರಶ್ನೆ (ಕ್ವೆರಿ) ಕಟ್ಟಿದ್ದರೆ ಅದು ಕಾಲಂ ಹೆಸರಿನ ಸುತ್ತ ತಾನಾಗಿ ಉದ್ಧರಣ ಚಿಹ್ನೆ ಹಾಕುತ್ತದೆ, ಪುಟ ತೆರೆಯುತ್ತದೆ. ಕೈಯಾರೆ ಬರೆದ ಪ್ರಶ್ನೆಯಾದರೆ ನಿಲ್ಲುತ್ತದೆ. ಒಂದೇ ತಾಣದಲ್ಲಿ ವಿದ್ಯಾರ್ಥಿಗಳ ಪಟ್ಟಿ ಸರಿಯಾಗಿದ್ದು ಫಲಿತಾಂಶ ಮಾತ್ರ ಕೆಡುವುದಕ್ಕೆ ಇಂಥ ಕಾರಣಗಳಿರುತ್ತವೆ. ದುರಸ್ತಿ ಎರಡೇ ಚಿಹ್ನೆಗಳ ಕೆಲಸ. ಕಾರಣ ತಿಳಿಯದವರು ಇಡೀ ತಾಣವನ್ನೇ ಬದಲಾಯಿಸಲು ಹಣ ಕೊಡುತ್ತಾರೆ.

ತೆರೆಯ ಮೇಲೆ ಕಾಣುವುದು ಸರಪಳಿಯ ಕೊನೆ

ಹಳೆಯ ಆವೃತ್ತಿಯ ದೋಷ ಹುಡುಕುವವರು ಹೆಚ್ಚಾಗಿ ಎಡವುವುದು ಕಣ್ಣಿಗೆ ಬಿದ್ದ ಸಂದೇಶವನ್ನೇ ಕಾಯಿಲೆ ಎಂದು ತಿಳಿಯುವುದರಿಂದ. ಕೋಡ್‌ಇಗ್ನೈಟರ್ 3ರ ತಾಣವೊಂದರಲ್ಲಿ ಯಾರಿಗೂ ಲಾಗಿನ್ ಆಗುತ್ತಿಲ್ಲ ಎನ್ನಿ. ಪಾಸ್‌ವರ್ಡ್ ಬದಲಿಸಿ ನೋಡುತ್ತಾರೆ, ಬಳಕೆದಾರರ ಟೇಬಲ್ ತಡಕುತ್ತಾರೆ. ನಡೆದಿರುವುದೇ ಬೇರೆ. ಮೊದಲೇ ಘೋಷಿಸದ ಗುಣಗಳನ್ನು ಒಂದು ವಸ್ತುವಿಗೆ ನಡುವೆ ಸೇರಿಸುವ ಪದ್ಧತಿ ಬೇಡ ಎಂದು 2022ರ ಡಿಸೆಂಬರ್‌ನ ಪಿಎಚ್‌ಪಿ 8.2 ಎಚ್ಚರಿಸತೊಡಗಿತು. ಕೋಡ್‌ಇಗ್ನೈಟರ್ 3 ಅದೇ ಪದ್ಧತಿಯ ಮೇಲೆ ನಿಂತಿದೆ. ಹಾಗಾಗಿ ಪುಟ ಸಿದ್ಧವಾಗುವ ಮೊದಲೇ ಎಚ್ಚರಿಕೆಯ ಸಾಲುಗಳು ಬ್ರೌಸರ್‌ನತ್ತ ಹೊರಡುತ್ತವೆ. ಪುಟದ ಒಂದಕ್ಷರ ಹೊರಟಮೇಲೆ ಕುಕಿ (ಬಳಕೆದಾರರನ್ನು ಗುರುತಿಸಲು ಬ್ರೌಸರ್‌ನಲ್ಲಿ ಇಡುವ ಚೀಟಿ) ಕಳಿಸಲು ಬರುವುದಿಲ್ಲ, ಏಕೆಂದರೆ ಕುಕಿ ಹೋಗುವುದು ಪುಟಕ್ಕೂ ಮುಂಚಿನ ಹೆಡರ್‌ನಲ್ಲಿ. ಕುಕಿ ಹೋಗದಿದ್ದರೆ ಸೆಷನ್, ಅಂದರೆ ಲಾಗಿನ್ ಆದವರ ನೆನಪು, ಉಳಿಯುವುದಿಲ್ಲ, ಸೆಷನ್ ಉಳಿಯದಿದ್ದರೆ ಸರಿಯಾದ ಪಾಸ್‌ವರ್ಡ್ ಕೊಟ್ಟರೂ ತಾಣ ಮತ್ತೆ ಲಾಗಿನ್ ಪುಟಕ್ಕೇ ತಳ್ಳುತ್ತದೆ.

ಆದ್ದರಿಂದ ದೋಷಗಳು ದಾಖಲಾಗುವ ಲಾಗ್ ಫೈಲ್ ತೆರೆದಾಗ ಕೊನೆಯ ಸಾಲಿನಿಂದಲ್ಲ, ತೊಂದರೆ ಆರಂಭವಾದ ಹೊತ್ತಿನ ಮೊದಲ ಸಾಲಿನಿಂದ ಓದಬೇಕು. ಅದಕ್ಕೂ ಮುಂಚೆ ಕೇಳಬೇಕಾದ ಪ್ರಶ್ನೆ: ಯಾವ ದಿನದಿಂದ ಕೆಟ್ಟಿತು, ಆ ದಿನ ಯಾವ ಪದರ ಬದಲಾಯಿತು? ಹೋಸ್ಟಿಂಗ್ ಕಂಪನಿಯ ಸೂಚನೆಗಳ ದಿನಾಂಕ ನೋಡಿದರೆ ಅರ್ಧ ಉತ್ತರ ಅಲ್ಲೇ ಸಿಗುತ್ತದೆ. ಬಹಳಷ್ಟು ಕಂಪನಿಗಳ ನಿಯಂತ್ರಣ ಪುಟದಲ್ಲಿ ಪಿಎಚ್‌ಪಿಯ ಹಿಂದಿನ ಆವೃತ್ತಿಗೆ ಮರಳುವ ಆಯ್ಕೆ ಇರುತ್ತದೆ. ಹಾಗೆ ಮರಳಿದಾಗ ತಾಣ ಎದ್ದು ನಿಂತರೆ ರೋಗ ಯಾವ ಪದರದ್ದೆಂದು ಖಚಿತವಾಯಿತು, ಸ್ವಲ್ಪ ಸಮಯವೂ ಸಿಕ್ಕಿತು. ಅಷ್ಟಕ್ಕೇ ಬಿಟ್ಟುಬಿಡುವವರೇ ಹೆಚ್ಚು ಎಂಬುದು ಬೇಸರದ ಸಂಗತಿ. ಆ ಸಮಯದಲ್ಲಿ ತಾಣದ ಪ್ರತಿಯೊಂದನ್ನು ಬೇರೆ ಕಡೆ ಇಟ್ಟು, ಒಂದು ಸಲಕ್ಕೆ ಒಂದೇ ಪದರವನ್ನು ಏರಿಸುತ್ತಾ ಪರೀಕ್ಷಿಸಬೇಕು. ಎರಡು ಪದರಗಳನ್ನು ಒಟ್ಟಿಗೆ ಬದಲಿಸಿದರೆ ಹೊಸ ದೋಷ ಯಾವುದರಿಂದ ಬಂತೆಂದು ಹೇಳಲಾಗುವುದಿಲ್ಲ.

ದೋಷ ಕಾಣಲೆಂದು, ಅದರ ವಿವರವನ್ನೆಲ್ಲ ತೆರೆಯ ಮೇಲೆ ತೋರಿಸುವ ಡಿಬಗ್ ವಿಧಾನವನ್ನು ಸಾರ್ವಜನಿಕ ತಾಣದಲ್ಲೇ ಚಾಲೂ ಮಾಡಿ ಮರೆಯುವುದು ಇನ್ನೂ ದೊಡ್ಡ ಅಪಾಯ. ಡೇಟಾಬೇಸ್‌ನ ಹೆಸರು, ಕೆಲವೊಮ್ಮೆ ಪಾಸ್‌ವರ್ಡ್ ಕೂಡ ದೋಷದ ಪುಟದಲ್ಲಿ ಎಲ್ಲರಿಗೂ ಕಾಣಿಸುತ್ತದೆ. ಲಾರಾವೆಲ್ ತಾಣಗಳ ದೋಷ ಪುಟ ತೋರಿಸುವ ಇಗ್ನಿಷನ್ ಎಂಬ ಭಾಗದಲ್ಲಿ 2021ರ ಜನವರಿಯಲ್ಲಿ ಬೆಳಕಿಗೆ ಬಂದ ಲೋಪದಿಂದ, ಡಿಬಗ್ ಚಾಲೂ ಇದ್ದ ತಾಣಗಳಲ್ಲಿ ಹೊರಗಿನವರು ತಮ್ಮ ಕೋಡ್ ಓಡಿಸಬಹುದಾಗಿತ್ತು. ದೋಷಗಳು ಲಾಗ್ ಫೈಲ್‌ನಲ್ಲಿ ದಾಖಲಾಗಲಿ, ತೆರೆಯ ಮೇಲೆ ಬೇಡ.

ಸದ್ದಿಲ್ಲದೆ ಕೆಡುವುದು ಕನ್ನಡ ಅಕ್ಷರ

ಮೇಲಿನವೆಲ್ಲ ಕೂಗಿ ಹೇಳುವ ದೋಷಗಳು. ಕಾಸರಗೋಡಿನ ತಾಣಗಳಿಗೆ ಇವಕ್ಕಿಂತ ಹೆಚ್ಚು ನಷ್ಟ ತರುವುದು ಯಾವ ಸಂದೇಶವನ್ನೂ ಕೊಡದ ದೋಷ. ಅದನ್ನು ಬಿಡಿಸಿ ನೋಡುವುದು ಅಗತ್ಯ.

ಎಲ್ಲ ಭಾಷೆಗಳ ಅಕ್ಷರಗಳನ್ನೂ ಕಂಪ್ಯೂಟರ್‌ನಲ್ಲಿ ಬರೆದಿಡುವ ಪದ್ಧತಿಯಾದ ಯುಟಿಎಫ್-8ರಲ್ಲಿ ಒಂದೊಂದು ಕನ್ನಡ ಸಂಕೇತಕ್ಕೂ ಮೂರು ಬೈಟ್ ಬೇಕು. ಮಲಯಾಳಕ್ಕೂ ಅಷ್ಟೇ. ‘ಕಾಸರಗೋಡು’ ಎಂಬಲ್ಲಿ ಅಕ್ಷರ ಮತ್ತು ಸ್ವರಚಿಹ್ನೆಗಳು ಸೇರಿ ಎಂಟು ಸಂಕೇತಗಳಿವೆ, ಅಂದರೆ 24 ಬೈಟ್. ಹಳೆಯ ಮೈಎಸ್‌ಕ್ಯೂಎಲ್‌ನಲ್ಲಿ ಬೇರೆ ಹೇಳದಿದ್ದರೆ ಟೇಬಲ್‌ಗಳು ಲ್ಯಾಟಿನ್-1 ಎಂಬ ಪಾಶ್ಚಾತ್ಯ ಲಿಪಿಯ ಪದ್ಧತಿಯಲ್ಲಿ ಹುಟ್ಟುತ್ತಿದ್ದವು. ಅದರಲ್ಲಿ ಒಂದು ಬೈಟ್ ಎಂದರೆ ಒಂದು ಅಕ್ಷರ. ಹಳೆಯ ತಾಣ ಕನ್ನಡದ ಬೈಟ್‌ಗಳನ್ನು ಲ್ಯಾಟಿನ್ ಎಂದೇ ಒಳಗೆ ಕಳಿಸಿ, ಲ್ಯಾಟಿನ್ ಎಂದೇ ಹೊರಗೆ ತರುತ್ತಿತ್ತು. ಎರಡೂ ಕಡೆ ತಪ್ಪು ಒಂದೇ ಆಗಿದ್ದರಿಂದ ಬ್ರೌಸರ್‌ನಲ್ಲಿ ಕನ್ನಡ ಸೊಗಸಾಗಿ ಕಾಣುತ್ತಿತ್ತು. 20 ಅಕ್ಷರಗಳ ಮಿತಿಯ ಕಾಲಂ ಇದ್ದರೆ ಮಾತ್ರ ಆಗಲೇ ತೊಂದರೆ: ‘ಕಾಸರಗೋ’ ಎಂಬಲ್ಲಿಗೆ 18 ಬೈಟ್ ಮುಗಿದು, ಮುಂದಿನ ಅಕ್ಷರದ ಎರಡು ಬೈಟ್ ಅರ್ಧಕ್ಕೇ ತುಂಡಾಗಿ, ಕೊನೆಯಲ್ಲಿ ಒಂದು ಚೌಕ ಉಳಿಯುತ್ತಿತ್ತು.

ಈಗ ಫ್ರೇಮ್‌ವರ್ಕ್ ಅಥವಾ ಡೇಟಾಬೇಸ್ ಹೊಸದಾಗಿ, ಸಂಪರ್ಕ ಯುಟಿಎಫ್-8ಕ್ಕೆ ಬದಲಾಯಿತೆನ್ನಿ. ಟೇಬಲ್ ಲ್ಯಾಟಿನ್ ಎಂದು ಹೇಳಿಕೊಂಡಿರುವುದರಿಂದ ಡೇಟಾಬೇಸ್ ಪ್ರಾಮಾಣಿಕವಾಗಿ ಅದನ್ನು ಅನುವಾದಿಸಿ ಕೊಡುತ್ತದೆ. ಒಂದೊಂದು ಕನ್ನಡ ಸಂಕೇತದ ಜಾಗದಲ್ಲಿ ಮೂರು ಪರಕೀಯ ಚಿಹ್ನೆಗಳು ಬರುತ್ತವೆ: ತಲೆಯ ಮೇಲೆ ಓರೆಗೆರೆ ಹೊತ್ತ ಇಂಗ್ಲಿಷ್ ‘ಎ’, ಅದರ ಬೆನ್ನಿಗೆ ಮೇಲೇರಿದ ಪುಟ್ಟ 2 ಅಥವಾ 3, ಆಮೇಲೆ ಇನ್ನೊಂದು. ಆ ಪುಟ್ಟ 2 ಮತ್ತು 3 ಕನ್ನಡದ ಗುರುತು. ಅದೇ ಜಾಗದಲ್ಲಿ ಓರೆಗೆರೆ ಅಥವಾ ಗ್ರೀಕಿನ ‘ಮ್ಯೂ’ ಇದ್ದರೆ ಮೂಲ ಬರಹ ಮಲಯಾಳದ್ದು. ಎರಡೂ ಭಾಷೆಗಳಲ್ಲಿ ಹೆಸರು ಬರೆದಿಡುವ ಇಲ್ಲಿನ ಸಂಸ್ಥೆಗಳಿಗೆ ಈ ಗುರುತು ಬಹಳ ಉಪಯುಕ್ತ.

ಹೀಗೆ ಕಂಡ ಬರಹ ಕಳೆದುಹೋಗಿಲ್ಲ. ಒಳಗಿನ ಬೈಟ್‌ಗಳು ಹಾಗೆಯೇ ಇವೆ. ಇಲ್ಲಿ ಯಾರೂ ಆ ಪುಟವನ್ನು ತಿದ್ದಿ ಉಳಿಸಬಾರದು. ಉಳಿಸಿದರೆ ಸರಿಯಾದ ಸಾಲುಗಳೂ ಕೆಟ್ಟ ಸಾಲುಗಳೂ ಒಂದೇ ಟೇಬಲ್‌ನಲ್ಲಿ ಬೆರೆಯುತ್ತವೆ. ಟೇಬಲನ್ನು ನೇರವಾಗಿ ಯುಟಿಎಫ್-8ಕ್ಕೆ ಪರಿವರ್ತಿಸುವ ಆಜ್ಞೆಯನ್ನೂ ಕೊಡಬಾರದು, ಅದು ಅಪಾರ್ಥವನ್ನೇ ಶಾಶ್ವತವಾಗಿ ಬರೆದಿಡುತ್ತದೆ. ಕಾಲಂ ಅನ್ನು ಮೊದಲು ಲಿಪಿಯ ಗೊಡವೆ ಇಲ್ಲದ ಬೈನರಿ ರೂಪಕ್ಕೆ ತಂದು, ಅಲ್ಲಿಂದ ಯುಟಿಎಫ್-8ರ ಪಠ್ಯವೆಂದು ಘೋಷಿಸುವುದು ಸರಿಯಾದ ಕ್ರಮ. ಅದನ್ನೂ ಪ್ರತಿಯ ಮೇಲೆ ಮಾಡಿ ನೋಡಿದ ನಂತರವೇ ಮೂಲದ ಮೇಲೆ ಮಾಡಬೇಕು.

ಕನ್ನಡದ ಜಾಗದಲ್ಲಿ ಪ್ರಶ್ನಾರ್ಥಕ ಚಿಹ್ನೆಗಳೇ ಸಾಲಾಗಿ ಡೇಟಾಬೇಸ್‌ನಲ್ಲಿ ಕುಳಿತಿದ್ದರೆ ಸ್ಥಿತಿ ಬೇರೆ. ಲ್ಯಾಟಿನ್ ಟೇಬಲ್‌ಗೆ ಯುಟಿಎಫ್-8 ಸಂಪರ್ಕದಿಂದ ಹೊಸ ಕನ್ನಡ ಬರಹ ಹೋದಾಗ, ಡೇಟಾಬೇಸ್‌ನ ಕಟ್ಟುನಿಟ್ಟು ವಿಧಾನ ಚಾಲೂ ಇಲ್ಲದಿದ್ದರೆ, ಪ್ರತಿ ಸಂಕೇತಕ್ಕೂ ಒಂದು ಪ್ರಶ್ನಾರ್ಥಕ ಚಿಹ್ನೆ ದಾಖಲಾಗುತ್ತದೆ. ‘ಕಾಸರಗೋಡು’ ಹೋಗಿ ಎಂಟು ಪ್ರಶ್ನಾರ್ಥಕ ಚಿಹ್ನೆ. ಅದನ್ನು ಯಾವ ತಂತ್ರಜ್ಞರೂ ಮರಳಿ ತರಲಾರರು, ಹಳೆಯ ಬ್ಯಾಕಪ್ ಇದ್ದರೆ ಮಾತ್ರ ಉಂಟು. ಬ್ಯಾಕಪ್ ತೆಗೆದ ಕೂಡಲೇ ಆ ಫೈಲನ್ನು ತೆರೆದು ಕನ್ನಡ ಓದಲು ಬರುತ್ತದೆಯೇ ಎಂದು ನೋಡುವುದು ಇದಕ್ಕಾಗಿ. ‘ನುಡಿ’, ‘ಬರಹ’ ಎಂಬ ಕನ್ನಡ ತಂತ್ರಾಂಶಗಳ ಹಳೆಯ ಫಾಂಟ್‌ಗಳಲ್ಲಿ ಬೆರಳಚ್ಚಾದ ಪುಟಗಳದು ಇನ್ನೊಂದು ಕಥೆ. ಅವು ಯೂನಿಕೋಡ್ ಅಲ್ಲವೇ ಅಲ್ಲ, ಪರಿವರ್ತಕದ ಮೂಲಕವೇ ಬರಬೇಕು.

ಮುಟ್ಟಬೇಡಿ ಎನ್ನುವವರು, ಈಗಲೇ ಬದಲಿಸಿ ಎನ್ನುವವರು

ನಡೆಯುತ್ತಿರುವುದನ್ನು ಮುಟ್ಟಬಾರದು ಎಂಬ ವಾದಕ್ಕೆ ಬಲವಿದೆ. ಸಣ್ಣ ಸಂಸ್ಥೆಗೆ ಹಣವಿಲ್ಲ, ಜನವಿಲ್ಲ. ಕೋಡ್‌ಇಗ್ನೈಟರ್ 3ರಿಂದ 2020ರಲ್ಲಿ ಬಂದ 4ಕ್ಕೆ ಹೋಗುವುದು ಬರಿಯ ಅಪ್‌ಡೇಟ್ ಅಲ್ಲ, ಬಹುಪಾಲು ಮರುಬರವಣಿಗೆ. ಅವಸರದ ಬದಲಾವಣೆಯಲ್ಲಿ ಕನ್ನಡ ಹೇಗೆ ಹಾಳಾಗುತ್ತದೆಂದು ಈಗಷ್ಟೇ ನೋಡಿದೆವು.

ಬದಲಿಸಿ ಎನ್ನುವವರು ಜನರ ಸಾಲದ ದಾಖಲೆ ಇಡುವ ಅಮೆರಿಕದ ಇಕ್ವಿಫ್ಯಾಕ್ಸ್ ಕಂಪನಿಯ ಪ್ರಕರಣವನ್ನು ಮುಂದಿಡುತ್ತಾರೆ. ಅಪಾಚೆ ಸ್ಟ್ರಟ್ಸ್ ಎಂಬ ಫ್ರೇಮ್‌ವರ್ಕ್‌ನ ಲೋಪಕ್ಕೆ 2017ರ ಮಾರ್ಚ್‌ನಲ್ಲೇ ತಿದ್ದುಪಡಿ ಬಂದಿತ್ತು. ಕಂಪನಿ ಅದನ್ನು ಹಾಕಲಿಲ್ಲ. ಮೇ ತಿಂಗಳಿಂದ ಒಳಹೊಕ್ಕ ಕಳ್ಳರು ಸುಮಾರು 14.7 ಕೋಟಿ ಜನರ ಖಾಸಗಿ ವಿವರ ಕದ್ದರು. ‘ನಮ್ಮ ಸಣ್ಣ ತಾಣಕ್ಕೆ ಯಾರು ಬರುತ್ತಾರೆ’ ಎಂಬ ಸಮಾಧಾನವೂ ನಿಲ್ಲದು. ಹಳೆಯ ಆವೃತ್ತಿಗಳನ್ನು ಹುಡುಕುವುದು ಮನುಷ್ಯರಲ್ಲ, ಹಗಲಿರುಳು ವಿಳಾಸದಿಂದ ವಿಳಾಸಕ್ಕೆ ಹೋಗುವ ತಂತ್ರಾಂಶಗಳು. ಅವಕ್ಕೆ ಪೆರ್ಲವೂ ಒಂದೇ, ನ್ಯೂಯಾರ್ಕೂ ಒಂದೇ.

ಎರಡೂ ವಾದಗಳು ಎಲ್ಲ ತಾಣಗಳನ್ನು ಒಂದೇ ತಕ್ಕಡಿಯಲ್ಲಿ ತೂಗುತ್ತವೆ ಎಂಬುದು ನನ್ನ ಆಕ್ಷೇಪ. ತಾಣದೊಳಗೆ ಏನಿದೆ ಎಂಬುದರ ಮೇಲೆ ತೀರ್ಮಾನವಾಗಬೇಕು.

ಯಾವ ತಾಣಕ್ಕೆ ಯಾವ ದಾರಿ

ಸದಸ್ಯರ ಫೋನ್ ಸಂಖ್ಯೆ, ಖಾತೆಯ ವಿವರ, ಮಕ್ಕಳ ಅಂಕಪಟ್ಟಿ ಇರುವ ತಾಣ ಬೆಂಬಲವಿಲ್ಲದ ಆವೃತ್ತಿಯಲ್ಲಿ ಇರಕೂಡದು. ಇಲ್ಲಿ ಕಾನೂನೂ ಹತ್ತಿರ ಬರುತ್ತಿದೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ರಕ್ಷಣಾ ಕಾಯ್ದೆಯ ನಿಯಮಗಳು 2025ರ ನವೆಂಬರ್‌ನಲ್ಲಿ ಪ್ರಕಟವಾಗಿವೆ. ಮುಖ್ಯ ಹೊಣೆಗಾರಿಕೆಗಳಿಗೆ ಕೊಟ್ಟ 18 ತಿಂಗಳ ಗಡುವು 2027ರ ಮೇ ತಿಂಗಳಿಗೆ ಬರುತ್ತದೆ. ಸೂಕ್ತ ಭದ್ರತೆ ಒದಗಿಸದಿದ್ದರೆ ದಂಡ 250 ಕೋಟಿ ರೂಪಾಯಿವರೆಗೆ ಹೋಗಬಹುದು. ಊರಿನ ಸಂಘಕ್ಕೆ ಅಷ್ಟು ದಂಡ ಬೀಳಲಿಕ್ಕಿಲ್ಲ, ಆದರೆ ಹೊಣೆಯಿಂದ ತಪ್ಪಿಸಿಕೊಳ್ಳಲು ‘ತಾಣ ಕಟ್ಟಿದವರು ಊರಿನಲ್ಲಿಲ್ಲ’ ಎಂಬ ಉತ್ತರ ಸಾಲದು. ಲಾರಾವೆಲ್, ಜಾಂಗೋ ತಾಣಗಳಾದರೆ ಒಂದೊಂದೇ ಆವೃತ್ತಿ ಮೇಲೇರುತ್ತಾ, ಪ್ರತಿ ಹಂತದ ಎಚ್ಚರಿಕೆಗಳನ್ನು ತೀರಿಸಿಕೊಂಡು ಹೋಗಬಹುದು. ಜಾಂಗೋದವರು ದೀರ್ಘ ಬೆಂಬಲದ 5.2ಕ್ಕೆ ಬಂದರೆ 2028ರ ಏಪ್ರಿಲ್‌ವರೆಗೆ ನಿರಾಳ. ಕೋಡ್‌ಇಗ್ನೈಟರ್ 3ರವರು ಮರುಬರವಣಿಗೆಗೆ ಈಗಿನಿಂದಲೇ ಹಣ ತೆಗೆದಿಡಬೇಕು.

ಗ್ರಂಥಾಲಯದ ಪಟ್ಟಿ, ದೇವಸ್ಥಾನದ ಇತಿಹಾಸ, ಯಕ್ಷಗಾನ ಮಂಡಳಿಯ ಹಳೆಯ ಪ್ರದರ್ಶನಗಳ ವಿವರ, ನಿಂತುಹೋದ ಪತ್ರಿಕೆಯ ಸಂಚಿಕೆಗಳು ಮಾತ್ರ ಇರುವ ತಾಣಕ್ಕೆ ಫ್ರೇಮ್‌ವರ್ಕ್‌ನ ಅಗತ್ಯವೇ ಇಲ್ಲ. ಪ್ರತಿ ಪುಟವನ್ನೂ ಸರಳ ಎಚ್‌ಟಿಎಂಎಲ್ ಫೈಲಾಗಿ ಇಳಿಸಿಕೊಂಡು ಅವನ್ನೇ ಸರ್ವರ್‌ನಲ್ಲಿ ಇಟ್ಟರೆ ಸಾಕು. ಓಡಲು ಕೋಡೇ ಇಲ್ಲದಿರುವಾಗ ಅದಕ್ಕೆ ಆವೃತ್ತಿಯ ದೋಷವೂ ಬರುವುದಿಲ್ಲ, ಡೇಟಾಬೇಸ್‌ನ ಲೋಪವೂ ತಟ್ಟುವುದಿಲ್ಲ. ಹುಡುಕಾಟದ ಪೆಟ್ಟಿಗೆ ಮತ್ತು ಅಭಿಪ್ರಾಯದ ಫಾರ್ಮ್ ಹೋಗುತ್ತವೆ, ಅಷ್ಟು ಬೆಲೆ ತೆರಬೇಕು. ಈ ಕೆಲಸವನ್ನು ತಾಣ ಸರಿಯಾಗಿ ಕಾಣುತ್ತಿರುವಾಗಲೇ ಮಾಡಬೇಕು. ಸರ್ವರ್ ಬದಲಾಗಿ ಅಕ್ಷರ ಕೆಟ್ಟ ಮೇಲೆ ಇಳಿಸಿಕೊಂಡರೆ ಸಿಗುವುದು ಕೆಟ್ಟ ಅಕ್ಷರವೇ. ಪುಟಗಳ ವಿಳಾಸಗಳನ್ನು ಹಿಂದಿನಂತೆಯೇ ಉಳಿಸಿದರೆ ಬೇರೆಯವರು ಕೊಟ್ಟಿರುವ ಕೊಂಡಿಗಳೂ ತಪ್ಪುವುದಿಲ್ಲ.

ಯಾವ ದಾರಿ ಹಿಡಿದರೂ ಮೊದಲು ಹೋಸ್ಟಿಂಗ್ ಮತ್ತು ಡೊಮೇನ್ (ತಾಣದ ವಿಳಾಸದ ಹೆಸರು) ಖಾತೆಗಳು ಸಂಸ್ಥೆಯ ಸ್ವಂತ ಇಮೇಲ್ ವಿಳಾಸಕ್ಕೆ ಬರಬೇಕು. ತಾಣ ಕಟ್ಟಿಕೊಟ್ಟವರು ಗಲ್ಫಿನಲ್ಲಿದ್ದರೂ ಫೋನಿಗೆ ಸಿಗುವಷ್ಟು ದಿನ ಇದು ಒಂದು ಸಂಜೆಯ ಕೆಲಸ. ಡೊಮೇನ್‌ನ ಅವಧಿ ಮುಗಿದು ಹೆಸರು ಬೇರೆಯವರ ಪಾಲಾದರೆ, ಎಷ್ಟೇ ಒಳ್ಳೆಯ ಬ್ಯಾಕಪ್ ಇದ್ದರೂ ಓದುಗರು ತಿಳಿದಿರುವ ವಿಳಾಸದಲ್ಲಿ ಅದನ್ನು ಇಡಲು ಆಗುವುದಿಲ್ಲ.